ಒಂದು ಇಂಚು ಇಪ್ಪತ್ತು ಸೆಂಟ್

ಫೋಟೋ ತೆಗೆದದ್ದು ತಾನೇ ಎಂದು ಗುರುತು ಹತ್ತಲು ಮೊಣ್ಣಪ್ಪನಿಗೆ ಅರೆ ಕ್ಷಣವೂ ಬೇಕಾಗಲಿಲ್ಲ. ಗುರುತು ಹತ್ತದವನ ಹಾಗೆ ಮುಖ ಮಾಡಿಕೊಳ್ಳುವುದಕ್ಕೇ ಹೊತ್ತು ಹಿಡಿಯಿತು. ಜಗಲಿಯಲ್ಲಿ ಅವನೊಬ್ಬನೇ ಕೂತಿದ್ದ, ಮುಖ ನೋಡುವವರು ಯಾರೂ ಇರಲಿಲ್ಲ, ಆದರೂ ಮಾಡಿಕೊಂಡ. ಮೊಬೈಲಿನಲ್ಲಿ ಆಗತಾನೆ ಕತ್ತಲಾದ ಆಕಾಶ. ಕೆಳಗೆ ಬೆಳದಿಂಗಳು ಬಿದ್ದ ಇದೇ ಅಂಗಳ, ಅಂಗಳದಂಚಿಗೆ ಹಲಸಿನ ಮರ. ಮೇಲೆ ಕೃತ್ತಿಕೆಯ ಗೊಂಚಲಿನೊಳಕ್ಕೇ ಹೊಕ್ಕು ಕೂತ ಶುಕ್ರ. ಅದರಡಿ ಕಾವ್ಯಶ್ರೀ ಬರೆದಿದ್ದಳು: 'ಸರ್, ಲ್ಯಾಬ್ ಬೀರು ಕ್ಲೀನ್ ಮಾಡುವಾಗ ಹಳೇ ಕ್ಯಾಮೆರಾ ಸಿಕ್ತು. ಕಾರ್ಡಲ್ಲಿ ಇದೊಂದು ಇತ್ತು. ನೀವೇ ತೆಗೆದದ್ದಲ್ವಾ? ಹೊಸ ವಿಜ್ಞಾನ ಕೊಠಡಿ ಗೋಡೆಗೆ ದೊಡ್ಡದಾಗಿ ಹಾಕಿಸ್ತೀವಿ. ಯಾವತ್ತಿನದು ಅಂತ ಮಾತ್ರ ಗೊತ್ತಾಗ್ಲಿಲ್ಲ, ಕ್ಯಾಮೆರಾ ತಾರೀಕು ತಪ್ಪು ತೋರಿಸ್ತಿದೆ. ಹತ್ತಕ್ಕೆ ಮನೆಗೆ ಬರ್ತೀನಿ ಸರ್, ಕೂತು ಕಂಡುಹಿಡಿಯೋಣ.' ಅವನು ನಿವೃತ್ತನಾದ ಮೇಲೆ ಅವನ ಜಾಗಕ್ಕೆ ಬಂದ ಹುಡುಗಿ, ಕುಶಾಲನಗರದ ಕಡೆಯವಳು. ಅವನ ಮೇಲೆ ಅವಳಿಗಿದ್ದ ಭಕ್ತಿಯನ್ನು ಅವನು ಈವರೆಗೆ ಸುಖವಾಗಿಯೇ ಅನುಭವಿಸಿಕೊಂಡು ಬಂದಿದ್ದ.

ಬರುವುದು ಬೇಡ, ನಾನೇ ನೋಡಿ ಹೇಳುತ್ತೇನೆ ಎಂದು ಬರೆದ. ಅಳಿಸಿದ. ಬೇಡ ಅಂದರೆ ಯಾಕೆ ಬೇಡ ಎಂಬ ಪ್ರಶ್ನೆ ಹುಟ್ಟುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ತಾನು ಎಂಬುದು ಅವನಿಗೆ ಹದಿಮೂರು ವರ್ಷದಿಂದ ಗೊತ್ತು. 'ಆಗಲಿ ಬಾಮ್ಮ' ಎಂದು ಬರೆದು ಮೊಬೈಲನ್ನು ಮಗುಚಿಟ್ಟ. ಈ ಫೋಟೋದ ತಾರೀಕು ಒಬ್ಬರಿಗೆ ಗೊತ್ತಾಗಬಾರದಿತ್ತು. ಆ ಒಬ್ಬಳು, ಹೆಂಡತಿ ಬೊಳ್ಳಮ್ಮ, ಈಗ ಹಿತ್ತಿಲಿನಲ್ಲಿ ನಿಂತು ಕಾಫಿ ಹೂವು ನೋಡುತ್ತಿದ್ದಳು. ಒಂಬತ್ತು ದಿನದ ಹಿಂದೆ ಪಾಲಿಬೆಟ್ಟಕ್ಕೆ ಮೇಲಿಂದ ಸುರಿದಂತೆ ಒಂದು ಮಳೆ ಬಿದ್ದಿತ್ತು, ಇವತ್ತು ಬೆಳಗಾಗುವಾಗ ಎರಡೆಕರೆ ರೋಬಸ್ಟಾ ಬುಡದಿಂದ ತುದಿವರೆಗೆ ಬೆಳ್ಳಗೆ. ಈ ನಾಡಿನಲ್ಲಿ ಮಕ್ಕಳಿಗೂ ಬರುವ ಗಣಿತ ಅದು: ಹೂಮಳೆ ಬಿದ್ದ ದಿನದಿಂದ ಬೆರಳು ಮಡಚುತ್ತ ಹೋದರೆ ಎಂಟಕ್ಕೆ ಮೊಗ್ಗು ಬೆಳ್ಳಗಾಗುತ್ತದೆ, ಒಂಬತ್ತಕ್ಕೆ ಒಡೆಯುತ್ತದೆ. ಜೇನುಹುಳಗಳ ಸದ್ದು ಜಗಲಿಯವರೆಗೆ ಕೇಳುತ್ತಿತ್ತು. ಮೊಣ್ಣಪ್ಪನಿಗೆ ಈ ವಾಸನೆಗೆ ತಲೆನೋವು ಬರುತ್ತದೆ. ತೋಟ ಅವನದಲ್ಲ, ಹೆಂಡತಿಯದು. ಹೆಂಡತಿಯದೂ ಅಲ್ಲ, ಅವಳಪ್ಪ ಕೊಟ್ಟದ್ದು. ಮನೆ ನಿಂತ ಜಾಗವೂ ಅವಳಪ್ಪ ಕೊಟ್ಟದ್ದೇ.

ಬಾಳೆಲೆ ಊರಿನ ಆ ಮಾವ, ಅಪ್ಪಯ್ಯ, ಮನೆ ಒಕ್ಕಲಿನ ದಿನ ಇನ್ನೊಂದನ್ನೂ ಕೊಟ್ಟಿದ್ದರು, ತಾಮ್ರದ ಮಳೆಮಾಪಕ. ಬೇರೆ ಮಾವಂದಿರು ಉಂಗುರ ಕೊಡುತ್ತಾರೆ. ಅಂಗಳದ ನಡುವೆ ಕಂಬ ನೆಟ್ಟು ಅದನ್ನು ಕೂರಿಸಿ, ಗಾಜಿನ ಅಳತೆಯನ್ನು ಅಳಿಯನ ಕೈಗೆ ಕೊಟ್ಟು, "ಮಾಷ್ಟ್ರೆ, ದಿನಾ ಬೆಳಿಗ್ಗೆ ಎಂಟು ಗಂಟೆಗೆ. ಒಂದ್ ದಿನನೂ ತಪ್ಪಿಸ್‌ಬಾರ್ದ್" ಅಂದಿದ್ದರು. ಎಂಟೂ ಐದಕ್ಕೆ ಬಾಳೆಲೆಯಿಂದ ಫೋನು. "ಮಳೆ ಎಷ್ಟ್ ಬಾತ್ ಮಾಷ್ಟ್ರೆ?" "ಅರುವತ್ತು ಸೆಂಟ್." "ಇಲ್ಲಿ ಇಪ್ಪತ್ತೇ." ನೂರು ಸೆಂಟ್ ಕೂಡಿದರೆ ಒಂದು ಇಂಚು ಮಳೆ. ಮಾತು ಅಲ್ಲಿಗೆ ಮುಗಿಯಿತು. ಒಂದು ಗುಡ್ಡದ ಆಚೆ ಮಳೆ ಸುರಿದರೆ ಈಚೆ ಧೂಳು ಹಾರುವ ಊರು ಇದು, ಕೇಳದೆ ಗೊತ್ತಾಗುವುದಿಲ್ಲ. ಮಳೆಯಿಲ್ಲದ ದಿನವೂ ಫೋನು ಬರುತ್ತಿತ್ತು, ಇಲ್ಲ ಎಂದು ಕೇಳಿಸಿಕೊಳ್ಳುವುದಕ್ಕೆ. ಮಾವ ಅಳಿಯರ ನಡುವೆ ಹದಿನೈದು ವರ್ಷ ನಡೆದ ಮಾತು ಅಷ್ಟೇ. ಅದೊಂದರಲ್ಲಿ ಮಾತ್ರ ಅವರು ಅವನನ್ನು ಪೂರ್ತಿ ನಂಬಿದ್ದರು. ಉಳಿದದ್ದರಲ್ಲಿ ಅವರ ಮಟ್ಟಿಗೆ ಅವನು ಮನೆ ತುಂಬಾ ಪುಸ್ತಕ ತುಂಬಿಟ್ಟುಕೊಂಡ ಒಬ್ಬ ಮಾಷ್ಟ್ರು. ಹುತ್ತರಿ ಹಬ್ಬದ ಊಟಕ್ಕೆ ನೆಂಟರೆಲ್ಲ ಸಾಲಾಗಿ ಕೂತಿದ್ದಾಗ, ಹಂದಿ ಸಾರು ಬಡಿಸುತ್ತಿದ್ದವನ ಕೈ ಹಿಡಿದು ನಿಲ್ಲಿಸಿ, "ನಮ್ಮ ಅಳಿಯ ರಾತ್ರೆ ಆಕಾಶ ನೋಡ್ದು, ಹಗಲ್ ತೋಟ ನೋಡ್ದು ನನ್ನ ಮಗಳ್" ಎಂದು ಎಲ್ಲರಿಗೆ ಕೇಳುವಂತೆ ಹೇಳಿ ನಕ್ಕಿದ್ದರು. ಎಲ್ಲರೂ ನಕ್ಕರು. ಬೊಳ್ಳಮ್ಮನೂ ನಕ್ಕಳು. ಅವನೂ ನಕ್ಕ, ಎಲೆಯ ಮೇಲೆ ಬಾಗಿ ಕಡುಬು ಮುರಿಯುತ್ತ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನಕ್ಕ. ಆ ನಗು ಅವನ ಗಂಟಲಿನಲ್ಲಿ ವರ್ಷಗಟ್ಟಲೆ ಕೂತಿತ್ತು.

ಎಂಟು ಹೊಡೆಯಿತು. ಬೊಳ್ಳಮ್ಮ ಹಿತ್ತಿಲಿನಿಂದ ಬಂದು ಮಾಪಕದ ಆಲಿಕೆ ತೆಗೆದು ನೋಡಿದಳು, ಒಣಗಿದೆ ಎಂದು ಕಣ್ಣಿಗೆ ಕಂಡರೂ ಗಾಜಿನ ಅಳತೆಗೆ ಬಗ್ಗಿಸಿ ನೋಡಿದಳು, ಒಳಗೆ ಹೋಗಿ ಮಳೆ ಪುಸ್ತಕದಲ್ಲಿ ಬರೆದಳು. ಅಪ್ಪ ತೀರಿಕೊಂಡ ಮೇಲೆ ಈ ಕೆಲಸವನ್ನು ಅವಳೇ ತೆಗೆದುಕೊಂಡಿದ್ದಳು. ಯಾವತ್ತಿನಿಂದ ಎಂದು ಅವನಿಗೆ ನೆನಪಿಲ್ಲ. ಒಂದು ದಿನ ಎದ್ದು ನೋಡುವಾಗ ಮಾಪಕದ ಹತ್ತಿರ ಅವಳು ನಿಂತಿದ್ದಳು, ಅವನು ಕಾಫಿ ಲೋಟ ಹಿಡಿದುಕೊಂಡು ವಾಪಸು ಬಂದ. ಅಪ್ಪನ ನೆನಪಿಗೆ ಮಾಡುತ್ತಾಳೆ ಎಂದುಕೊಂಡ. ಒಳಗೊಳಗೆ ಹಗುರವೂ ಆಯಿತು. ಈಗ ಸುತ್ತಲಿನ ನಾಲ್ಕಾರು ತೋಟದವರು ಅವಳಿಗೇ ಫೋನು ಮಾಡಿ ಕೇಳುತ್ತಾರೆ, ಅವಳು ಹೇಳಿದ ಸೆಂಟನ್ನು ಬರೆದುಕೊಳ್ಳುತ್ತಾರೆ.

ಫೋಟೋ ತೆಗೆದ ಆ ಸಂಜೆ ಬೊಳ್ಳಮ್ಮ ಬಾಳೆಲೆಯಲ್ಲಿದ್ದಳು. ಅಪ್ಪಯ್ಯನಿಗೆ ಉಬ್ಬಸ, ಅವಳು ಹೋಗಿ ನಾಲ್ಕು ದಿನವಾಗಿತ್ತು. ಮೊಣ್ಣಪ್ಪ ಇಲ್ಲೇ ಅಂಗಳದಲ್ಲಿ ಶಾಲೆಯ ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ಕಾಯುತ್ತಿದ್ದ. ಶುಕ್ರ ಕೃತ್ತಿಕೆಯ ಒಳಗೆ ಹೊಗುವುದು ಎಂಟು ವರ್ಷಕ್ಕೊಮ್ಮೆ, ಅದೂ ಒಂದೇ ಸಂಜೆ. ಹಿಂದಿನ ಸಲ ಮೋಡ ಮುಚ್ಚಿ, ಛಾವಣಿ ಮೇಲೆ ನಿಂತು ಬರಿಗೈಯಲ್ಲಿ ಇಳಿದಿದ್ದ. ಈ ಸಲ ಪಡುವಣದಲ್ಲಿ ಒಂದು ಚೂರು ಮೋಡವಿಲ್ಲ. ಏಳಕ್ಕೆ ಹತ್ತು ನಿಮಿಷ ಇರುವಾಗ ಫೋನು. "ಅಪ್ಪಂಗೆ ಉಬ್ಬಸ ಜೋರುಟ್ಟು. ಅಣ್ಣನ ಜೀಪ್ ಗ್ಯಾರೇಜ್‌ಲಿ ಉಟ್ಟು. ವ್ಯಾನ್ ತಕ್ಕಂಡ್ ಬೇಗ ಬನ್ನಿ, ಆಸ್ಪತ್ರೆಗೆ ಹೋಕು." ಅವನು ಮೇಲೆ ನೋಡಿದ. ಶುಕ್ರ ಆಗಲೇ ಹೊಳೆಯುತ್ತಿತ್ತು, ಕೃತ್ತಿಕೆ ಇನ್ನೂ ಕಂಡಿರಲಿಲ್ಲ, ಇನ್ನು ಅರ್ಧ ಗಂಟೆ. ಹಾಗೆ ನೋಡಿದರೆ ಆ ವರ್ಷವೇ ಮೂರು ಸಲ ಇದೇ ಥರ ಫೋನು ಬಂದು, ಓಡಿಹೋಗಿ ನೋಡಿದರೆ ಮಾವ ಆರಾಮಕುರ್ಚಿಯಲ್ಲಿ ಕೂತು ವೀಳ್ಯ ಹಾಕುತ್ತಿದ್ದರು. ಇದನ್ನೆಲ್ಲ ಅವನು ಆಮೇಲೆ ಕೂಡಿಸಿಕೊಂಡದ್ದು. ಆ ಗಳಿಗೆಯಲ್ಲಿ ತಲೆಯಲ್ಲಿ ಇದ್ದದ್ದು ಹುತ್ತರಿಯ ನಗು. ನಾಲಿಗೆಗೆ ಎಲುಬಿಲ್ಲ. "ಇಲ್ಲಿ ಭಾರಿ ಮಳೆ" ಅಂದ, ಮೋಡವಿಲ್ಲದ ಆಕಾಶದಡಿ ನಿಂತು. "ರೋಡಿಗೆ ಮರ ಬಿದ್ದುಟ್ಟು, ಕರೆಂಟೂ ಇಲ್ಲೆ. ಸ್ವಲ್ಪ ನಿಂತ ಕೂಡ್ಲೆ ಬನ್ನೆ." "ಇಲ್ಲಿ ಒಂದ್ ಹನಿ ಇಲ್ಲೆ," ಅಂದಳು ಬೊಳ್ಳಮ್ಮ, ಸಂಶಯದಿಂದಲ್ಲ, ಇಲ್ಲಿಯವರು ಹೇಳುವ ಹಾಗೆ ಸುಮ್ಮನೆ. "ಜಾಗ್ರತೆ ಬನ್ನಿ."

ಏಳೂವರೆಗೆ ಫೋಟೋ ತೆಗೆದ. ಅವನು ಜೀವಮಾನದಲ್ಲಿ ತೆಗೆದ ಅತಿ ಒಳ್ಳೆಯ ಫೋಟೋ ಅದು. ಅದಾದ ಕೂಡಲೇ ಹೊರಡಬಹುದಿತ್ತು, ಹೊರಡಲಿಲ್ಲ. ಇಷ್ಟು ಹೊತ್ತು ಮಳೆ ಇದ್ದದ್ದು ಇಷ್ಟು ಬೇಗ ನಿಂತರೆ ಹೇಗೆ ಎಂದು ಕೂತ. ಸುಳ್ಳಿಗೂ ಒಂದು ಮರ್ಯಾದೆ ಬೇಕಲ್ಲ. ಶುಕ್ರ ಮುಳುಗುವವರೆಗೆ ಕೂತಿದ್ದು, ಬಚ್ಚಲಿನ ಕೊಳೆನೀರನ್ನು ಎರಡು ಬಕೆಟ್ ತಂದು ಓಮ್ನಿ ವ್ಯಾನಿನ ಚಕ್ರಕ್ಕೂ ಬಾಗಿಲಿಗೂ ಎರಚಿದ. ಒಳಗೆ ಹೋಗಿ ಮಳೆ ಪುಸ್ತಕ ತೆರೆದು, ಮಾರನೆ ಬೆಳಿಗ್ಗೆ ಎಂಟು ಗಂಟೆಯ ಸಾಲಿನಲ್ಲಿ ಒಂದು ಇಂಚು ಇಪ್ಪತ್ತು ಸೆಂಟ್ ಎಂದು ಬರೆದ. ಬರೀ ಒಂದು ಇಂಚು ಅಂದರೆ ಅಂದಾಜು ಅನ್ನಿಸುತ್ತದೆ, ಇಪ್ಪತ್ತು ಸೆಂಟ್ ಇದ್ದರೆ ಅಳೆದದ್ದು ಅನ್ನಿಸುತ್ತದೆ ಎಂಬ ಬುದ್ಧಿ ಆ ಹೊತ್ತಿಗೂ ಓಡಿತ್ತು. ಬಾಳೆಲೆ ತಲುಪುವಾಗ ಮನೆಯಲ್ಲಿ ಅತ್ತೆ ಸುಮಿತ್ರಮ್ಮ ಒಬ್ಬರೇ. ಪಕ್ಕದ ತೋಟದ ಜೀಪು ಸಿಕ್ಕಿ ಅಪ್ಪಯ್ಯನನ್ನು ಆಗಷ್ಟೇ ಕರೆದುಕೊಂಡು ಹೋಗಿದ್ದರು. ಬೆಳಕು ಹರಿಯುವ ಮೊದಲು ತೀರಿಕೊಂಡರು. ಎರಡು ಗಂಟೆ ಮುಂಚೆ ಬಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು. ಎಲ್ಲ ಡಾಕ್ಟರೂ ಎಲ್ಲರಿಗೂ ಹೇಳುವ ಮಾತು ಎಂದು ಮೊಣ್ಣಪ್ಪ ತನಗೆ ತಾನೇ ಹೇಳಿಕೊಂಡ. ವ್ಯಾನಿನ ಬಾಗಿಲಿಗೆ ಕೈಕೊಟ್ಟು ನಿಂತ ಬೊಳ್ಳಮ್ಮ ಕೈಗೆ ಹತ್ತಿದ ಕೆಸರನ್ನು ಸೆರಗಿಗೆ ಒರೆಸಿಕೊಂಡಳು, ಅಷ್ಟೇ. ಎಂಟು ವರ್ಷ ಕಳೆದು ಲಾಕ್‌ಡೌನಿನಲ್ಲಿ, ಹೊಗೆ ಧೂಳು ಏನೂ ಇಲ್ಲದ ಆಕಾಶದಲ್ಲಿ ಶುಕ್ರ ಮತ್ತೆ ಅದೇ ಕೃತ್ತಿಕೆಗೆ ಬಂದಾಗ, ಅವನು ಪಡುವಣ ಕಡೆಯ ಕಿಟಕಿ ಹಾಕಿಕೊಂಡು ಟಿವಿ ನೋಡಿದ್ದ.

ಲಾಕ್‌ಡೌನ್. ಆ ಪದ ತಲೆಗೆ ಬಂದದ್ದೇ ಮೊಣ್ಣಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. ಎಂಟು ವರ್ಷಕ್ಕೊಮ್ಮೆ ಅದೇ ತಾರೀಕು, ಅದೇ ಜಾಗ. ಎರಡು ಸಾವಿರದ ಹನ್ನೆರಡರ ಏಪ್ರಿಲ್ ಮೂರು ಯಾಕಾಗಬೇಕು, ಇಪ್ಪತ್ತರ ಏಪ್ರಿಲ್ ಮೂರು ಯಾಕಾಗಬಾರದು? ಯಾರು ಬೇಕಾದರೂ ನಂಬುತ್ತಾರೆ. ಶುಕ್ರನೇ ಬಂದು ಸಾಕ್ಷಿ ಹೇಳುತ್ತದೆ. ಅವನು ಎದ್ದು ಮುಖ ತೊಳೆದು ಒಗೆದ ಅಂಗಿ ಹಾಕಿಕೊಂಡ.

ಕಾವ್ಯಶ್ರೀ ಹತ್ತು ಹೊಡೆಯುವಾಗ ಸ್ಕೂಟರಿನಲ್ಲಿ ಬಂದಳು. ಹೆಲ್ಮೆಟ್ ತೆಗೆದವಳೇ ಮೂಗರಳಿಸಿ, "ಏನ್ ವಾಸ್ನೆ ಮೇಡಂ! ನಮ್ಮ ಕಡೆ ಇದೆಲ್ಲಾ ಇಲ್ಲ, ಬರೀ ಜೋಳ, ಶುಂಠಿ" ಅಂದಳು. ಬೊಳ್ಳಮ್ಮ ಕಾಫಿ ತಂದಿಟ್ಟು, ಎಂದಿನಂತೆ ಒಳಗೆ ಹೋಗದೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ಕಾವ್ಯಶ್ರೀ ಫೋಟೋವನ್ನು ಕಾಗದಕ್ಕೆ ಪ್ರಿಂಟ್ ಹಾಕಿ ತಂದಿದ್ದಳು. ಮೊಣ್ಣಪ್ಪನಿಗೆ ಮಾತಾಡಲು ಬಿಡದೆ ಅವಳೇ ಶುರು ಮಾಡಿದಳು. "ಶುಕ್ರ ಕೃತ್ತಿಕೆ ಒಳಗಿದೆ ಅಂದ್ಮೇಲೆ ಏಪ್ರಿಲ್ ಮೊದಲ ವಾರ, ಅಲ್ವಾ ಸರ್? ಅಂಗಳದಲ್ಲಿ ಮನೆ ನೆರಳು ಪಡುವಣಕ್ಕೆ ಬಿದ್ದಿದೆ, ಹಂಗಾರೆ ಮೂಡಲಲ್ಲಿ ಚಂದ್ರ. ವರ್ಷ ಯಾವುದು ಅನ್ನೋದೇ ತಲೆನೋವು. ಎಂಟೆಂಟು ವರ್ಷಕ್ಕೆ ಅದೇ ಜಾಗಕ್ಕೆ ಬರುತ್ತೆ ಅಂತ ನೀವು ಬರೆದ ಚಾರ್ಟ್ ಇನ್ನೂ ಲ್ಯಾಬಲ್ಲಿ ತೂಗಾಕಿದೀವಿ."

"ಇದು ಲಾಕ್‌ಡೌನ್ ವರ್ಷದ್ದು," ಅಂದ ಮೊಣ್ಣಪ್ಪ. ದನಿ ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. "ಎರಡು ಸಾವಿರದ ಇಪ್ಪತ್ತು, ಏಪ್ರಿಲ್ ಮೂರು. ಎಲ್ಲಾ ಮನೇಲೇ ಇದ್ದೆವಲ್ಲ. ಆಕಾಶ ಹೇಗೆ ತೊಳೆದ ಹಾಗಿತ್ತು ನೋಡು."

"ಸೂಪರ್ ಸರ್!" ಕಾವ್ಯಶ್ರೀ ಪೆನ್ನು ತೆಗೆದಳು. "ನಾನೂ ಹಂಗೇ ಅಂದ್ಕೊಂಡೆ. ಆದ್ರೆ ಕ್ಯಾಮೆರಾ ಆಗ ಲ್ಯಾಬಲ್ಲೇ..."

"ಈ ಹಲಸು ಹದಿನೆಂಟರಲ್ಲೇ ಬಿದ್ದು ಹೋತಲ್ಲ," ಅಂದಳು ಬೊಳ್ಳಮ್ಮ.

ಎದ್ದು ಬಂದು ಫೋಟೋವನ್ನು ಕೈಗೆ ತೆಗೆದುಕೊಂಡಿರಲಿಲ್ಲ, ಕೂತಲ್ಲಿಂದಲೇ ನೋಡಿ ಹೇಳಿದ್ದಳು. ಆ ಆಗಸ್ಟಿನ ಮಳೆಗೆ ಗುಡ್ಡಗಳೇ ಇಳಿದು ಬಂದಿದ್ದವು, ಅದರಲ್ಲಿ ಈ ಹಲಸೂ ಬೇರುಸಮೇತ ಮಗುಚಿತ್ತು. ಅದರ ಹಲಗೆಯಿಂದ ಮಾಡಿಸಿದ ಬೆಂಚಿನ ಮೇಲೆಯೇ ಅವಳು ಈಗ ಕೂತಿದ್ದಳು. ಆಕಾಶವನ್ನು ಇಷ್ಟು ಹೊತ್ತು ಜಾಲಾಡಿದ ಮೊಣ್ಣಪ್ಪನಿಗೆ ಮರ ಕಂಡಿರಲಿಲ್ಲ. "ಹೌದಾ? ಹೌದೌದು, ಮರೆತೇ ಹೋಗಿತ್ತು," ಅಂದ. ಕಿವಿ ಬಿಸಿಯಾಯಿತು. ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿ ಅವರ ಕಿವಿ ಕೆಂಪಾಗುವುದನ್ನು ಅವನು ನೋಡುತ್ತಿದ್ದ ಕಾಲವೊಂದಿತ್ತು.

ಕಾವ್ಯಶ್ರೀಗೆ ಉತ್ಸಾಹ ಇಮ್ಮಡಿಯಾಯಿತು. "ಮೇಡಂ, ನೀವು ಪತ್ತೇದಾರಿ! ಹಂಗಾರೆ ಹನ್ನೆರಡು, ಇಲ್ಲಾ ನಾಲ್ಕು. ಈ ಕ್ಯಾಮೆರಾ ಶಾಲೆಗೆ ಬಂದಿದ್ದು ಏಳರಲ್ಲಿ, ಬಿಲ್ ಇದೆ. ಅಂದ್ರೆ ಹನ್ನೆರಡೇ." ಮೊಬೈಲಿನ ಆಕಾಶ ನಕ್ಷೆಯನ್ನು ಬೆರಳಿನಿಂದ ಹಿಂದಕ್ಕೆ ಹಿಂದಕ್ಕೆ ಎಳೆದಳು. "ನೋಡಿ, ಇಲ್ಲಿ ಹಲಸಿನ ಎಲೆ ಪಕ್ಕ ಒಂದು ಚುಕ್ಕಿ ಇದೆಯಲ್ಲ, ನಾನು ಯಾವುದೋ ಲೈಟ್ ಅಂದ್ಕೊಂಡಿದ್ದೆ. ಗುರು ಇದು! ಹನ್ನೆರಡರಲ್ಲಿ ಸಂಜೆ ಪಡುವಣದಲ್ಲಿ ಶುಕ್ರನ ಕೆಳಗೇ ಗುರು ಇದ್ದ. ಇಪ್ಪತ್ತರಲ್ಲಿ ಅವನು ಬರ್ತಿದ್ದದ್ದು ಬೆಳಗಿನ ಜಾವ. ಆಯ್ತು ಸರ್, ಪಕ್ಕಾ. ಎರಡನೇ ತಾರೀಕು ಶುಕ್ರ ಇನ್ನೂ ಸ್ವಲ್ಪ ಕೆಳಗಿರುತ್ತೆ, ನಾಲ್ಕನೇ ತಾರೀಕಿಗೆ ದಾಟಿರುತ್ತೆ. ಎರಡು ಸಾವಿರದ ಹನ್ನೆರಡು, ಏಪ್ರಿಲ್ ಮೂರು, ಮಂಗಳವಾರ." ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದವಳ ಹಾಗೆ ಅವನ ಮುಖ ನೋಡಿದಳು. ಶಹಭಾಸ್ ಎನ್ನಬೇಕಾಗಿತ್ತು, ಅಂದ. ತಾನೇ ಕಲಿಸಿದ ವಿದ್ಯೆಯನ್ನು ಹೀಗೆ ಸೊಗಸಾಗಿ ತನ್ನ ಕತ್ತಿಗೆ ಬಿಗಿಯುತ್ತಿರುವ ಹುಡುಗಿಯ ಮೇಲೆ ಅವನಿಗೆ ಹುಚ್ಚು ಸಿಟ್ಟು ಬಂದಿತ್ತು.

"ಅವತ್ತಿನ ದಿನ ಏನಾದ್ರೂ ನೆನಪಿದೆಯಾ ಮೇಡಂ? ಫೋಟೋ ಕೆಳಗೆ ಎರಡು ಸಾಲು ಬರೀಬೋದು."

"ಮಾರನೆ ದಿನ ಬೆಳಿಗ್ಗೆ ನಮ್ಮಪ್ಪ ತೀರಿಹೋದದ್," ಅಂ‍ದಳು ಬೊಳ್ಳಮ್ಮ. "ನಾ ಬಾಳೆಲೆಲಿ ಇದ್ದೆ."

ಕಾವ್ಯಶ್ರೀ ನಾಲಿಗೆ ಕಚ್ಚಿಕೊಂಡು "ಅಯ್ಯೋ, ಸಾರಿ ಮೇಡಂ" ಅಂದಳು. ಬೊಳ್ಳಮ್ಮ ಎದ್ದು ಒಳಗೆ ಹೋದಳು. ಅಳಲಿಕ್ಕೆ ಹೋದಳು ಎಂದುಕೊಂಡು ಹುಡುಗಿ ತಲೆ ತಗ್ಗಿಸಿ ಕೂತಳು. ಅವಳು ಅಳಲಿಕ್ಕೆ ಹೋಗಿಲ್ಲ ಎಂದು ಮೊಣ್ಣಪ್ಪನಿಗೆ ಗೊತ್ತಿತ್ತು. ಯಾಕೆ ಹೋಗಿದ್ದಾಳೆ ಎಂಬುದೂ, ಕಪಾಟಿನ ಬಾಗಿಲು ಕಿರ್ರೆಂದಾಗ, ಗೊತ್ತಾಯಿತು. ಹದಿಮೂರು ವರ್ಷದಲ್ಲಿ ಆ ವರ್ಷದ ಪುಸ್ತಕವನ್ನು ಅವನು ಮುಟ್ಟಿರಲಿಲ್ಲ. ಬೊಳ್ಳಮ್ಮ ನೀಲಿ ರಟ್ಟಿನ ಆ ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ಕಾವ್ಯಶ್ರೀಯ ಮುಂದಿಟ್ಟಳು. "ಇದ್ರಲ್ಲಿ ನೋಡಿ. ಸರ್ ಬರ್ದದ್ದ್. ಇದೂ ಬೇಕಾದೀತು ನಿಮ್ಗೆ."

ಕಾವ್ಯಶ್ರೀ ಹಾಳೆ ತಿರುವಿ, ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ಏಪ್ರಿಲ್ ಮೂರು, ಇಲ್ಲ. ಏಪ್ರಿಲ್ ನಾಲ್ಕು, ಬೆಳಿಗ್ಗೆ ಎಂಟು, ಒಂದು ಇಂಚು ಇಪ್ಪತ್ತು ಸೆಂಟ್." ಓದಿ ಹುಬ್ಬು ಗಂಟು ಹಾಕಿದಳು. "ಅಂದ್ರೆ ಮೂರನೇ ತಾರೀಕು ಬೆಳಿಗ್ಗೆಯಿಂದ ನಾಲ್ಕರ ಬೆಳಿಗ್ಗೆಯೊಳಗೆ ಬಿದ್ದಿರೋ ಮಳೆ. ಸಂಜೆ ಹೊತ್ತಿಗೆ ಮೋಡ ಇರ್ಬೇಕಲ್ವಾ ಸರ್? ಫೋಟೋದಲ್ಲಿ ಒಂದು ಚೂರೂ ಮೋಡ ಇಲ್ಲ, ಅಂಗಳ ಬೇರೆ ಒಣಗಿದೆ."

ಬೊಳ್ಳಮ್ಮ ಬೆಂಚಿನ ಮೇಲೆ ಕೂತು ಸೀರೆಯ ಅಂಚಿಗೆ ಅಂಟಿದ್ದ ಹೂವಿನ ಎಸಳು ಬಿಡಿಸುತ್ತಿದ್ದಳು. ಅತ್ತ ದರಿ, ಇತ್ತ ಪುಲಿ. ಮಳೆ ಬಂದದ್ದು ನಡುರಾತ್ರಿ ಎಂದು ಹೇಳಬಹುದಿತ್ತು, ಆದರೆ ಏಳಕ್ಕೆ ಹತ್ತು ನಿಮಿಷ ಇರುವಾಗ ಫೋನಿನಲ್ಲಿ ಹೇಳಿದ ಮಳೆ ಹೇಗೆ ನಡುರಾತ್ರಿಗೆ ಸರಿಯಬೇಕು? ಲೆಕ್ಕ ಹಾಕುತ್ತ ಕೂತಿದ್ದವನನ್ನು ಪಾರು ಮಾಡಿದವಳು ಕಾವ್ಯಶ್ರೀಯೇ. "ನಂದೇ ತಪ್ಪು ಇರ್ಬೇಕು ಸರ್. ನೀವು ಅಳೆದು ಬರೆದದ್ದು ತಪ್ಪಲ್ಲ. ಶುಕ್ರ ಎರಡನೇ ತಾರೀಕೂ ಹೆಚ್ಚುಕಮ್ಮಿ ಅಲ್ಲೇ ಇರುತ್ತಲ್ಲ, ಫೋಟೋದಲ್ಲಿ ಅಷ್ಟು ಸೂಕ್ಷ್ಮ ಗೊತ್ತಾಗುತ್ತಾ? ಏಪ್ರಿಲ್ ಎರಡು ಅಂತ ಹಾಕ್ಲಾ?"

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಎರಡನೇ ತಾರೀಕು ಶುಕ್ರ ಗೊಂಚಲಿನ ಹೊರಗಿತ್ತು, ಬರಿಗಣ್ಣಿಗೇ ಕಾಣುವಷ್ಟು ಹೊರಗೆ. ಅವನಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಜಿಲ್ಲೆಯಲ್ಲೇ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ, ಪುಸ್ತಕ ಹೇಳುವುದನ್ನು ನಂಬಬೇಡಿ, ಕಣ್ಣಿಗೆ ಕಾಣುವುದನ್ನು ನಂಬಿ ಎಂದು ಬಡಿದುಕೊಂಡವನು ಅವನು. "ಹೌದು," ಅಂದ ಮೊಣ್ಣಪ್ಪ, "ಎರಡೇ ಇರಬೇಕು. ಎರಡು ಅಂತ ಹಾಕಮ್ಮ." ಬೊಳ್ಳಮ್ಮನ ಬೆರಳು ಒಂದು ಗಳಿಗೆ ನಿಂತಿತು, ಮತ್ತೆ ಎಸಳು ಬಿಡಿಸತೊಡಗಿತು. ಕಾವ್ಯಶ್ರೀ ಬರೆದುಕೊಂಡಳು, ಬೊಳ್ಳಮ್ಮ ಕೊಟ್ಟ ನಾಲ್ಕು ಕಿತ್ತಳೆಯನ್ನು ಬ್ಯಾಗಿಗೆ ಹಾಕಿಕೊಂಡಳು, ಹೂವಿನ ಮುಂದೆ ನಿಂತು ತನ್ನದೇ ಫೋಟೋ ತೆಗೆದುಕೊಂಡಳು, ಹೋದಳು. ಗೇಟಿನ ಹೊರಗೆ ಸ್ಕೂಟರಿನ ಸದ್ದು ಅಡಗುವಾಗ ಮೊಣ್ಣಪ್ಪನಿಗೆ ಗೆದ್ದೆ ಅನ್ನಿಸಿತು. ನಾಚಿಕೆ ಬಂದದ್ದು ಆಮೇಲೆ, ಅದೂ ಬೇಗನೆ ಬರಲಿಲ್ಲ.

ಬೊಳ್ಳಮ್ಮ ಲೋಟ ತೆಗೆದುಕೊಂಡು ಹಿತ್ತಿಲಿಗೆ ಹೋಗಿದ್ದಳು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಮುಚ್ಚಿ ಒಳಗಿಡೋಣವೆಂದು ಎತ್ತಿಕೊಂಡ. ತನ್ನ ದುಂಡಗಿನ ಮಾಷ್ಟ್ರು ಅಕ್ಷರ, ತಿದ್ದಿಲ್ಲ, ಹೊಡೆದು ಹಾಕಿಲ್ಲ. ಐದರಿಂದ ಹದಿನೈದರವರೆಗೆ ಅವನೇ ಬರೆದಿದ್ದ, ಒಂದೊಂದು ಸಾಲಿನಲ್ಲೂ ಇಲ್ಲ, ಇಲ್ಲ, ಇಲ್ಲ. ಹದಿನೈದಕ್ಕೆ ಬೊಳ್ಳಮ್ಮ ಅಪ್ಪನ ತಿಥಿ ಮುಗಿಸಿ ವಾಪಸು ಬಂದದ್ದು. ಹದಿನಾರರ ಸಾಲಿನಿಂದ ಅಕ್ಷರ ಬೇರೆ, ಉದ್ದುದ್ದ, ಒಂದು ಕಡೆಗೆ ವಾಲಿದ್ದು. 'ಏಪ್ರಿಲ್ ೧೬. ಮಳೆ ಇಲ್ಲ. ಹೂ ಬಂದಿಲ್ಲ.' ಅವನು ನಿಂತೇ ಓದಿದ. 'ಏಪ್ರಿಲ್ ೧೭. ಮಳೆ ಇಲ್ಲ. ಹೂ ಬಂದಿಲ್ಲ.' ಹದಿನೆಂಟಕ್ಕೂ ಹಾಗೆಯೇ. ಆಮೇಲೆ, 'ಏಪ್ರಿಲ್ ೧೯. ೧ ಇಂಚು ೫ ಸೆಂಟ್.' ಆಮೇಲೆ ಒಂದು ವಾರ ಬರೀ ಮಳೆಯ ಸಾಲು. 'ಏಪ್ರಿಲ್ ೨೭. ಇವತ್ತು ಹೂ ಬಂತು.' ಅದರ ಕೆಳಗೆ ಗೆರೆ ಎಳೆದಿದ್ದಳು. ಹಿಂದೆ ತಿರುಗಿಸಿ ನೋಡಿದ. ಬೇರೆ ಯಾವ ತಿಂಗಳ ಯಾವ ಸಾಲಿನಲ್ಲೂ ಹೂವಿನ ಮಾತಿಲ್ಲ. ಇದು ಮಳೆ ಪುಸ್ತಕ, ಹೂವನ್ನು ಯಾರೂ ಬರೆಯುವುದಿಲ್ಲ, ಅದು ಎಲ್ಲರ ಕಣ್ಣಿಗೆ ಕಾಣುತ್ತದೆ. ಒಂದು ಇಂಚು ಇಪ್ಪತ್ತು ಸೆಂಟ್ ಮಳೆ ಬಿದ್ದ ತೋಟದಲ್ಲಿ ಒಂಬತ್ತು ದಿನಕ್ಕೆ ಏನಾಗಬೇಕು ಎಂದು ಅಕ್ಷರ ಬಾರದ ಕೆಲಸದಾಳು ಕೂಡ ಹೇಳುತ್ತಾನೆ. ಚಕ್ರಕ್ಕೆ ಕೆಸರು ಬಳಿಯುವಷ್ಟು ಬುದ್ಧಿವಂತನಾದ ಮೊಣ್ಣಪ್ಪ, ಮನೆಯ ಬೆನ್ನಿಗೇ ಇದ್ದ ಎರಡೆಕರೆ ಮೊಗ್ಗನ್ನು ಮರೆತಿದ್ದ. ಹಗಲು ತೋಟ ನೋಡುವುದು ನನ್ನ ಮಗಳು ಎಂದು ಅಪ್ಪಯ್ಯ ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅಪ್ಪನ ನೆನಪಿಗೆ, ಎಂದುಕೊಂಡಿದ್ದನಲ್ಲ ಅವನು. ಹದಿಮೂರು ವರ್ಷ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಅವಳು ಅವನ ಕೈಗೆ ಅಳತೆಯ ಗಾಜು ಸಿಗದ ಹಾಗೆ ನೋಡಿಕೊಂಡಿದ್ದಳು. ಅಷ್ಟೂ ವರ್ಷ ಅದೇ ಕೈಗೆ ಕಾಫಿ ಲೋಟ ಕೊಟ್ಟಿದ್ದಳು, ಜ್ವರ ಬಂದಾಗ ಹಣೆ ಮುಟ್ಟಿದ್ದಳು, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಅವನ ಪಕ್ಕ ನಿಂತು ಫೋಟೋಕ್ಕೆ ನಕ್ಕಿದ್ದಳು. ಮೊಣ್ಣಪ್ಪ ಪುಸ್ತಕ ಹಿಡಿದುಕೊಂಡೇ ಹಿತ್ತಿಲಿಗೆ ಬಂದ. ಗಿಡಗಳ ಬಿಳುಪಿಗೆ ಕಣ್ಣು ಕುಕ್ಕಿತು. ಬೊಳ್ಳಮ್ಮ ಕಲ್ಲಿನ ಹತ್ತಿರ ಲೋಟ ತೊಳೆಯುತ್ತಿದ್ದಳು. ಅವನ ಕೈಯಲ್ಲಿದ್ದದ್ದನ್ನು ನೋಡಿ ನಲ್ಲಿ ನಿಲ್ಲಿಸಿದಳು.

"ಮಳೆ ಬಿದ್ದಿದ್ರೆ ಹನ್ನೆರಡಕ್ಕೆ ಹೂ ಬರೊಕಿತ್ತ್," ಅಂದಳು. "ನಾ ಹದಿನೈದಕ್ಕೆ ವಾಪಸ್ ಬಾಕನ ಬಾಡ್ದ ಹೂನೂ ಇಲ್ಲೆ, ಒಡ್ದ ಮೊಗ್ಗೂ ಇಲ್ಲೆ. ಹಂಗೇ ಹಸಿ ಮೊಗ್ಗು, ಕಡ್ಡಿ ಕಡ್ಡಿ."

"ಮತ್ತೆ ನೀನ್ ಯಾಕೆ ಕೇಳ್ದಿಲ್ಲ?"

"ಕೇಳಿರೆ ನೀವು ಇನ್ನೊಂದ್ ಸುಳ್ಳ್ ಹೇಳ್ತಿದ್ರಿ." ಲೋಟವನ್ನು ಬೋರಲು ಹಾಕಿದಳು. "ಇಂದ್ ಕೇಳ್ದೆನಲ್ಲ, ಆ ಹುಡುಗಿ ಕೈಲಿ. ಹೇಳ್ದ್ರಲ್ಲ."

ಬೈದಿದ್ದರೆ, ಅತ್ತಿದ್ದರೆ, ಲೋಟ ಎತ್ತಿ ಎಸೆದಿದ್ದರೆ ಅವನಿಗೂ ಒಂದು ಮಾತು ಹುಟ್ಟುತ್ತಿತ್ತು. ತಪ್ಪಾಯಿತು ಎನ್ನುವುದಕ್ಕೆ ಬಾಯಿ ತೆರೆದ. ಹದಿಮೂರು ವರ್ಷ ಹಳೆಯದಾದ ಆ ಮಾತು ಬಾಯಿಯವರೆಗೆ ಬಂದು ಅವನಿಗೇ ಹೇಸಿಗೆಯಾಯಿತು. ಕಿಸೆಯಿಂದ ಮೊಬೈಲು ತೆಗೆದ. ಬೊಳ್ಳಮ್ಮ ಅವನನ್ನು ದಾಟಿಕೊಂಡು ಅಂಗಳಕ್ಕೆ ನಡೆದಳು, ಅವನು ಅವಳ ಹಿಂದೆ ನಡೆಯುತ್ತಲೇ ಕಾವ್ಯಶ್ರೀಗೆ ಫೋನು ಮಾಡಿದ. ಅವಳಿಗೆ ಕೇಳಿಸಲಿ ಎಂದು ದನಿ ಎತ್ತರಿಸಿದ.

"ಕಾವ್ಯಶ್ರೀ, ಎರಡು ಅಂತ ಹಾಕಬೇಡ. ಮೂರೇ ಸರಿ. ನೀನು ಕಂಡುಹಿಡಿದದ್ದೇ ಸರಿ."

"ಹೌದಾ ಸರ್? ಮತ್ತೆ ಮಳೆ?"

"ಅವತ್ತು ಮಳೆ ಬಂದಿಲ್ಲ."

"ಪುಸ್ತಕದಲ್ಲಿ ಇತ್ತಲ್ಲ ಸರ್, ಒಂದು ಇಂಚು..."

"ಅದು ನಾನು ಬರೆದದ್ದು. ಮಳೆ ಬಂದಿರಲಿಲ್ಲ. ಸುಳ್ಳು ಬರೆದಿದ್ದೆ." ಹದಿಮೂರು ವರ್ಷ ಹೊತ್ತದ್ದನ್ನು ಕೆಳಗಿಳಿಸಿಯಾಯಿತು, ಇನ್ನು ಆಕಾಶವೇ ಮೇಲೆ ಬೀಳುತ್ತದೆ ಎಂದು ಕಾದ. ಅತ್ತ ಕಡೆ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು.

"ಓ, ಪರವಾಗಿಲ್ಲ ಬಿಡಿ ಸರ್," ಅಂದಳು ಕಾವ್ಯಶ್ರೀ, ಗಾಡಿ ನಿಲ್ಲಿಸಿ ಮಾತಾಡುತ್ತಿದ್ದವಳ ಅವಸರದಲ್ಲಿ. "ಇನ್ನೂ ಪ್ರಿಂಟ್‌ಗೆ ಕೊಟ್ಟಿಲ್ಲ, ತಿದ್ದಬಹುದು."

ಫೋನು ಇಟ್ಟ. ಬೊಳ್ಳಮ್ಮ ಮಳೆಮಾಪಕದ ಹತ್ತಿರ ನಿಂತಿದ್ದಳು. "ಎಂತ ಹೇಳ್ತ್ ಹುಡುಗಿ?" ಎಂದು ಕೇಳಿದಳು.

"ತಿದ್ದಬಹುದು ಅಂತ."

"ಅವಳ್ದನ್ನಾದ್ರೂ ತಿದ್ದಬಹುದು," ಎಂದು ಬೊಳ್ಳಮ್ಮ ಮಾಪಕದ ಆಲಿಕೆಯೊಳಗೆ ಬಿದ್ದಿದ್ದ ಹೂವಿನ ಎಸಳುಗಳನ್ನು ಒಂದೊಂದಾಗಿ ಹೆಕ್ಕಿ ಹೊರಗೆ ಹಾಕತೊಡಗಿದಳು.